ಕಂಪನಿಯಾಕಿ ನಮ್ಮ ಚಿಗವ್ವ

ರಾಯಚೂರಿನಲ್ಲಿ ಪೊಲೀಸರ ಕಣ್ಣು ತಪ್ಪಿಸಿದವರಿದ್ದಾರೆ. ಚಂದಾ ಎತ್ತಲು ಬಂದವರನ್ನು ಕಂಡು ಹಿತ್ತಿಲ ಬಾಗಿಲಿನಿಂದ ಜಾರಿಕೊಂಡವರಿದ್ದಾರೆ. ಚುನಾವಣೆ ಮುಗಿದ ಮೇಲೆ ಕಾಣೆಯಾಗುವವರ ಬಗ್ಗೆಯಂತೂ ಕೇಳಲೇಬೇಡಿ. ಆದರೆ ನಮ್ಮ ಚಿಗವ್ವನ ಕೈಯಿಂದ ತಪ್ಪಿಸಿಕೊಂಡವರು ಮಾತ್ರ ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ!

ಗಾಬರಿಯಾಗಬೇಡಿ. ಚಿಗವ್ವ, ಅಂದರೆ ನಮ್ಮವ್ವನ ತಂಗಿ, ಪೊಲೀಸ್ ಇಲಾಖೆಯಲ್ಲಿಲ್ಲ. ಮೊಬೈಲಿನ ಮೇಲೆ ಬೆರಳಾಡಿಸಿದರೆ ಸೂಜಿಯಿಂದ ಸೋಫಾದವರೆಗೆ ಎಲ್ಲವನ್ನೂ ಮನೆಬಾಗಿಲಿಗೆ ಕಳಿಸುತ್ತಾರಲ್ಲ, ಅಂಥದೊಂದು ದೊಡ್ಡ ಕಂಪನಿಯಲ್ಲಿ ಪಾರ್ಸಲ್ ಹಂಚುತ್ತಾಳೆ. ಆ ಕಂಪನಿಯ ಮಾಲೀಕ ಯಾವ ದೇಶದಲ್ಲಿದ್ದಾನೋ, ರಾಯಚೂರು ಎಂಬ ಊರೊಂದಿದೆ ಎಂಬುದಾದರೂ ಅವನಿಗೆ ಗೊತ್ತೋ ಇಲ್ಲವೋ! ಚಿಗವ್ವ ಮಾತ್ರ "ನಮ್ಮ ಕಂಪನಿ" ಎನ್ನುವ ಗತ್ತು ನೋಡಿದರೆ, ಅದನ್ನು ನಮ್ಮಜ್ಜನೇ ಕಟ್ಟಿ ಬೆಳೆಸಿ ಇವಳ ಕೈಗಿತ್ತು ಕಣ್ಣು ಮುಚ್ಚಿದ ಎಂದುಕೊಳ್ಳಬೇಕು. ನಮ್ಮಜ್ಜ ಜೀವಮಾನವಿಡೀ ಕಟ್ಟಿದ್ದು ಬೇರೆಯವರ ಮನೆಗಳ ಗೋಡೆ ಎಂಬುದು ಬೇರೆ ಮಾತು.

ಈ ಕೆಲಸಕ್ಕೆ ಬರುವ ಮೊದಲು ಚಿಗವ್ವ ಅಕ್ಕಿ ಗಿರಣಿಯಲ್ಲಿ ಕೂಲಿಗಿದ್ದಳು. ಒಂದು ದಿನ ಕಂಪನಿಯವರು ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರೆಂದು ಸುದ್ದಿ ಬಂತು. ಸ್ಕೂಟಿ ಬರಬೇಕು, ಅಷ್ಟೇ. ಚಿಗವ್ವನಿಗೆ ಸ್ಕೂಟಿ ಬರುತ್ತಿರಲಿಲ್ಲ, ಅಷ್ಟೇ! ನನ್ನ ಸ್ಕೂಟಿಯಲ್ಲೇ ಕಲಿತಳು. ಕಲಿಯುವಾಗ ಯರಗೇರಾ ರಸ್ತೆಯ ಬದಿಯ ಜಾಲಿಗಿಡಗಳಲ್ಲಿ ಅವಳು ಮಾತಾಡಿಸದ ಗಿಡವಿರಲಿಲ್ಲ. ಮುಳ್ಳು ಕೀಳುತ್ತ ನಾನು, "ಸಾಕು ಬಿಡು ಚಿಗವ್ವ" ಎಂದರೆ, "ಸಾಕು ಅನ್ನಾಕ ನೀ ಯಾರು? ಗಿಡಾನ ಇನ್ನ ಸಾಕು ಅಂದಿಲ್ಲ" ಎಂದು ಮತ್ತೆ ಹತ್ತುತ್ತಿದ್ದಳು.

ಸಂದರ್ಶನಕ್ಕೆ ಹೋದಾಗ ಅಲ್ಲಿದ್ದ ಮ್ಯಾನೇಜರು ಹೈದರಾಬಾದ್ ಕಡೆಯ ತರುಣ. ಇವಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದನಂತೆ: "ಅಕ್ಕಾ, ಇಂಗ್ಲಿಷ್ ಬರ್ತದಾ?"

"ಓದಾಕ ಬರ್ತದ್ರೀ. ಸಿಟ್ಟು ಬಂದ್ರ ಮಾತಾಡಾಕೂ ಬರ್ತದ."

"ಭಾರ ಎತ್ತಬೇಕಾಗ್ತದೆ."

ಚಿಗವ್ವ ಸುತ್ತ ನೋಡಿದಳು. ಮೂಲೆಯಲ್ಲಿ ಯಾರದೋ ಬಟ್ಟೆ ಒಗೆಯುವ ಯಂತ್ರದ ಡಬ್ಬಿ ನಿಂತಿತ್ತು. ಅದನ್ನು ತಬ್ಬಿ ಎತ್ತಿದವಳೇ, "ಎಲ್ಲಿ ಇಡಲಿ, ಹೇಳ್ರಿ" ಎಂದಳು. ಹೌಹಾರಿದ ಮ್ಯಾನೇಜರು, "ಅಲ್ಲೇ ಇಡಿ ಅಕ್ಕಾ, ನಾಳೆಯಿಂದ ಬರ್ರಿ" ಎಂದನಂತೆ. ಮೊದಲು ಡಬ್ಬಿ ಇಡಲು ಹೇಳಿದನೋ, ಕೆಲಸಕ್ಕೆ ಬರಲು ಹೇಳಿದನೋ ಎಂಬ ಬಗ್ಗೆ ಚಿಗವ್ವನ ಕಥೆಯಲ್ಲಿ ಆಗಾಗ ವ್ಯತ್ಯಾಸವಾಗುತ್ತದೆ. ಯಂತ್ರ ಮಾತ್ರ ಕಥೆಯಿಂದ ಕಥೆಗೆ ದೊಡ್ಡದಾಗುತ್ತಿದೆ.

ಕಂಪನಿ ಅವಳಿಗೆ ಒಂದು ಜಾಕೆಟ್ಟು ಕೊಟ್ಟಿತು. ಅಂದಿನಿಂದ ನಮ್ಮ ಮನೆತನದ ಮರ್ಯಾದೆ ಆ ಜಾಕೆಟ್ಟಿನ ಜೇಬಿನಲ್ಲಿದೆ! ಗಿಲ್ಲೆಸುಗೂರಿನಲ್ಲಿ ನೆಂಟರ ಮದುವೆ. ಎಲ್ಲರೂ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು ಬಸ್ಸಿಳಿದರೆ, ಚಿಗವ್ವ ಸೀರೆಯ ಮೇಲೆ ಜಾಕೆಟ್ಟು ಹಾಕಿಕೊಂಡು, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಸ್ಕೂಟಿಯಿಂದ ಇಳಿದಳು. ನಮ್ಮವ್ವ ಹಣೆ ಚಚ್ಚಿಕೊಂಡಳು.

"ಏ ಯವ್ವಾ, ಇವತ್ತಾರ ತಗದು ಬರಬಾರದೇನು? ಮಂದಿ ನಗತಾರ!"

"ರೇಷ್ಮಿ ಸೀರಿ ಎಲ್ಲಾರ ಹತ್ರ ಅದಾವ. ಇದು ಯಾರ ಹತ್ರ ಅದ, ತೋರಸು ನೋಡೋಣು!"

ತೋರಿಸಲು ಯಾರ ಬಳಿಯೂ ಇರಲಿಲ್ಲ. ಅಕ್ಷತೆ ಬೀಳುವ ಹೊತ್ತಿಗೆ ಹೆಂಗಸರೆಲ್ಲ ಮದುಮಗಳನ್ನು ಬಿಟ್ಟು ಇವಳ ಸುತ್ತ ನಿಂತು, ಸ್ಕೂಟಿ ಕಲಿಯುವುದು ಹೇಗೆ ಎಂದು ಕೇಳುತ್ತಿದ್ದರು. ಮದುಮಗಳೂ ಕೊರಳು ಚಾಚಿ ಕೇಳಿಸಿಕೊಳ್ಳುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ!

ಕೆಲಸವೇನೂ ಹೂವೆತ್ತಿದಷ್ಟು ಹಗುರಲ್ಲ. ಬೆಳಗಾಗುತ್ತಲೇ ಗೋದಾಮಿನಲ್ಲಿ ಹಾಜರಿ, ಓಣಿಗಳ ಪ್ರಕಾರ ಡಬ್ಬಿ ವಿಂಗಡಣೆ, ಆಮೇಲೆ ಬೆನ್ನಿಗೆ ಬೆಟ್ಟದಂಥ ಚೀಲ. ಹಬ್ಬದ ಮಾರಾಟ ಶುರುವಾದರೆ ಉಣ್ಣಲೂ ಪುರಸೊತ್ತಿಲ್ಲ. ರಾಯಚೂರಿನ ಬಿಸಿಲಿನ ವರ್ಣನೆ ಇಲ್ಲಿ ಬೇಡ, ಅದನ್ನು ಬಲ್ಲವರಿಗೆ ಹೇಳಬೇಕಿಲ್ಲ, ಅರಿಯದವರು ನಂಬುವುದಿಲ್ಲ. ಕಂಪನಿ ಗಿರಾಕಿಗಳಿಂದ ಇವಳ ಕೆಲಸಕ್ಕೆ ಮೊಬೈಲಿನಲ್ಲಿ ಐದರವರೆಗೆ ನಕ್ಷತ್ರ ಹಾಕಿಸುತ್ತದೆ. ಇವಳು ಗಿರಾಕಿಗಳಿಗೇ ನಕ್ಷತ್ರ ಹಾಕುತ್ತಾಳೆ! ನೀರು ಕೊಟ್ಟ ಮನೆಗೆ ಮೂರು, ಕೇಳುವ ಮೊದಲೇ ಕೊಟ್ಟ ಮನೆಗೆ ನಾಲ್ಕು, ಮಜ್ಜಿಗೆ ಕೊಟ್ಟ ಮನೆಗೆ ಐದು. ಮಾನ್ವಿಯಲ್ಲಿ ಒಬ್ಬ ಅಜ್ಜಿ ಮಜ್ಜಿಗೆಯ ಜೊತೆ ರೊಟ್ಟಿ, ಪುಂಡಿಪಲ್ಯ ಕೊಟ್ಟು ಕೂರಿಸಿದಳಂತೆ. "ಆಕಿಗಿ ಎಷ್ಟು ಸ್ಟಾರು?" ಎಂದು ಕೇಳಿದೆ. "ಆಕಿಗಿ ಆಕಾಶಾನ ಬರಕೊಟ್ಟೀನಿ" ಎಂದಳು.

ಮೊಬೈಲಿನಲ್ಲಿ ದಾರಿ ತೋರಿಸುವ ಹೆಣ್ಣುದನಿಯೊಂದಿದೆಯಲ್ಲ, ಅದಕ್ಕೂ ಚಿಗವ್ವನಿಗೂ ಎಣ್ಣೆ ಸೀಗೆಕಾಯಿ. ಒಮ್ಮೆ ಮಾನ್ವಿ ರಸ್ತೆಯಲ್ಲಿ ಅದು "ಎಡಕ್ಕೆ ತಿರುಗಿ" ಎಂದಿತು. ಎಡಕ್ಕೆ ಕಾಲುವೆ, ಅದರಾಚೆ ಭತ್ತದ ಗದ್ದೆ. ಚಿಗವ್ವ ಸ್ಕೂಟಿ ನಿಲ್ಲಿಸಿ, ಮೊಬೈಲನ್ನು ಮುಖದೆದುರು ಹಿಡಿದು ವಿಚಾರಣೆಗಿಳಿದಳು: "ನೀ ಮಾನ್ವಿಗಿ ಯಾವಾಗ ಬಂದಿದ್ದಿ ಬೇ? ಯಾರ ಮನ್ಯಾಗ ಇಳಕೊಂಡಿದ್ದಿ?" ಆ ದನಿ ಪಾಪ, ಮತ್ತೊಮ್ಮೆ "ಎಡಕ್ಕೆ ತಿರುಗಿ" ಎಂದಿತು. "ನೀನಽ ತಿರುಗು" ಎಂದು ಚಿಗವ್ವ ಅದರ ಬಾಯಿ ಮುಚ್ಚಿಸಿ, ದನ ಕಾಯುತ್ತಿದ್ದ ಮುದುಕನನ್ನು ಕೇಳಿಕೊಂಡು ಹೋಗಿ ಪಾರ್ಸಲ್ ಮುಟ್ಟಿಸಿದಳು.

ಮರ್ಯಾದೆಯ ವಿಷಯದಲ್ಲಿ ಅವಳದೊಂದು ಕಾನೂನಿದೆ. ದೊಡ್ಡ ಮನೆಯವರೊಬ್ಬರು ಮಹಡಿಯ ಮೇಲಿಂದಲೇ, "ಏ, ಅಲ್ಲೇ ಗೇಟಿನ ಹತ್ರ ಒಗದು ಹೋಗು" ಎಂದರಂತೆ. ಚಿಗವ್ವ ಡಬ್ಬಿಯನ್ನು ಎದೆಗವಚಿಕೊಂಡು ಕೆಳಗೇ ನಿಂತಳು. "ಅಕ್ಕಾ ಅನ್ರಿ, ಯವ್ವಾ ಅನ್ರಿ, ಏನೂ ಅನ್ನಲಿಲ್ಲ ಅಂದ್ರೂ ನಡೀತದ. 'ಏ' ಅಂದ್ರ ನನ್ನ ಕಿವಿ ಕೇಳಸಂಗಿಲ್ರೀ. ಮತ್ತ ನಾವು ಒಗಿಯೋ ಮಂದಿ ಅಲ್ಲ, ಕೈಯಾಗ ಕೊಡೋ ಮಂದಿ." ಅವರು ಗೊಣಗುತ್ತ ಮೆಟ್ಟಿಲಿಳಿದು ಬಂದರು. ಮುಂದಿನ ಸಲ ಹೋದಾಗ ಗೇಟಿನಲ್ಲೇ ನಿಂತಿದ್ದರಂತೆ, ಕೈಯಲ್ಲಿ ನೀರಿನ ಲೋಟ. ನಾಲ್ಕು ನಕ್ಷತ್ರ!

ಅವಳು ಹಿಂದೆ ದುಡಿದಿದ್ದ ಗಿರಣಿಯ ಸಾವುಕಾರರ ಮನೆಗೂ ಒಮ್ಮೆ ಪಾರ್ಸಲ್ ಬಂತು. ಗಿರಣಿಯಲ್ಲಿದ್ದಾಗ ಆ ಮನೆಗೆ ಹೋದರೆ ಹಿತ್ತಿಲ ಕಡೆಯಿಂದಲೇ ಹೋಗಬೇಕಿತ್ತು. ಮುಂಬಾಗಿಲಿನಲ್ಲಿ ಗಂಟೆಯ ಗುಂಡಿ ಇರುವುದೇ ಇವಳಿಗೆ ಗೊತ್ತಿರಲಿಲ್ಲ. ಅಂದು ಒತ್ತಿದಳು. ಸ್ವತಃ ಸಾವುಕಾರರೇ ಬಾಗಿಲು ತೆರೆದರು.

"ಅರೆ! ನೀ ನಮ್ಮ ಮಿಲ್ಲಿನಾಕಿ ಅಲ್ಲೇನು?"

"ಆಗ ಮಿಲ್ಲಿನಾಕಿ, ಈಗ ಕಂಪನಿಯಾಕಿ ಸಾವ್ಕಾರ್ರ. ಮೊಬೈಲಿನಾಗ ನಂಬರ್ ಬಂದದ, ಅದು ಹೇಳಿದ್ರನ ಪಾರ್ಸಲ್, ಹೇಳ್ರಿ."

ಸಾವುಕಾರರು ಕನ್ನಡಕ ಹುಡುಕಿ, ಹೊಸ್ತಿಲಲ್ಲಿ ನಿಂತು ಒಂದೊಂದೇ ಅಂಕಿ ಒಪ್ಪಿಸಿದರು. ಒಂದು ಅಂಕಿ ತಪ್ಪಿತು. "ಇನ್ನೊಮ್ಮೆ ಸರಿಯಾಗಿ ಹೇಳ್ರಿ" ಎಂದಳು. ಅವರು ಮತ್ತೆ ಹೇಳಿದರು. ಒಳ್ಳೆಯ ಮನುಷ್ಯ, ನಕ್ಕುಬಿಟ್ಟು, "ಬರ್ರಿ ಒಳಗ, ಚಾ ಕುಡಿದು ಹೋಗ್ರಿ" ಎಂದರಂತೆ. ಚಹಾದ ರುಚಿ ಹೇಗಿತ್ತೆಂದು ಚಿಗವ್ವ ಇವತ್ತಿಗೂ ಹೇಳಿಲ್ಲ. ಆ "ಬರ್ರಿ" ಎಂಬುದನ್ನು ಮಾತ್ರ ಸಾವುಕಾರರ ದನಿಯಲ್ಲೇ ನಮಗೆಲ್ಲ ಹೇಳಿ ತೋರಿಸಿದ್ದಾಳೆ. ಕೇಳದಿದ್ದರೂ ತೋರಿಸುತ್ತಾಳೆ!

ನಾನು ಯರಗೇರಾದ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಅಲ್ಲಿಗೆ ಪಾರ್ಸಲ್ ತಂದರೆ ಚಿಗವ್ವ ಕಾವಲುಗಾರನಿಂದ ಹಿಡಿದು ಕಂಡವರಿಗೆಲ್ಲ "ನಮ್ಮಕ್ಕನ ಮಗಳು ಇಲ್ಲೇ ಕಲಸ್ತಾಳ" ಎನ್ನುತ್ತಾಳೆ. ನಾನೇನು ಕಡಿಮೆಯೇ? ಕಂಡವರಿಗೆಲ್ಲ "ನಿಮಗೆ ಪಾರ್ಸಲ್ ತಂದವರು ನಮ್ಮ ಚಿಗವ್ವ" ಎನ್ನುತ್ತೇನೆ. ನಮ್ಮಿಬ್ಬರ ಹೆಮ್ಮೆಯ ನಡುವೆ ಸಿಕ್ಕ ಕಾವಲುಗಾರ, ಇವಳ ಸ್ಕೂಟಿ ಕಂಡ ಕೂಡಲೇ ಎದ್ದು ನಿಲ್ಲುತ್ತಾನೆ.

ಕಳೆದ ಬೇಸಿಗೆಯಲ್ಲಿ ಅವಳನ್ನು ವಾರಕ್ಕೆ ಕೆಲವು ದಿನ ದೇವದುರ್ಗದ ಹೊಸ ಶಾಖೆಗೂ ಹಾಕಿದರು. ಅಲ್ಲಿ ದೊಡ್ಡ ತಲೆನೋವೆಂದರೆ ಗಬ್ಬೂರು. ಹೋದ ಡಬ್ಬಿಗಳಲ್ಲಿ ಎಷ್ಟೋ ಹಾಗೇ ವಾಪಸ್ ಬರುತ್ತಿದ್ದವು. ವಿಳಾಸವೆಂದರೆ ಹೆಸರು, ಊರು, ಅಷ್ಟೇ. "ಊರೇನು ಅಷ್ಟು ದೊಡ್ಡದಾ, ನಮ್ಮ ಮನಿ ಎಲ್ಲಾರಿಗೂ ಗೊತ್ತದ" ಎಂಬ ಧೈರ್ಯ. ಒಂದು ದಿನ ಅಲ್ಲಿನ ಮ್ಯಾನೇಜರ ಕೈಯಲ್ಲಿ ಒಂದು ಪಾರ್ಸಲ್ ಇತ್ತು. ಆಗಲೇ ಒಮ್ಮೆ ಹೋಗಿ ಬಂದದ್ದು. "ಅಕ್ಕಾ, ಇದೂ ವಾಪಸ್ ಬಂದ್ರೆ ಗಬ್ಬೂರಿಗೆ ಹೋಗೋದು ಬಂದ್ ಮಾಡ್ರಿ ಅಂತ ಮ್ಯಾಲಿನೋರು ಹೇಳ್ಯಾರ. ಆಮ್ಯಾಲೆ ಆ ಊರೋರು ಇಲ್ಲಿಗೇ ಬಂದು ಒಯ್ಯಬೇಕು" ಎಂದ.

"ಬಂದ್ ಆಗಾಕ ಗಬ್ಬೂರೇನು ಅಂಗಡಿ ಏನ್ರೀ? ಕೊಡ್ರಿ ಇಲ್ಲಿ" ಎಂದು ಚಿಗವ್ವ ಕಸಿದುಕೊಂಡಳು.

ಅಂದು ನನಗೆ ರಜೆ. ಸ್ಕೂಟಿಯ ಹಿಂದೆ, ಚೀಲಕ್ಕೂ ಚಿಗವ್ವನಿಗೂ ನಡುವೆ ನಾನೂ ಒಂದು ಪಾರ್ಸಲ್ ಆಗಿ ಕೂತೆ. ಡಬ್ಬಿಯ ಮೇಲೆ "ಹುಲಿಗೆಮ್ಮ, ಗಬ್ಬೂರು" ಎಂದಿತ್ತು. ಅದರ ಮೇಲಿದ್ದ ನಂಬರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಬಸ್ ನಿಲ್ದಾಣದಲ್ಲಿ ಕೇಳಿದೆವು, ಹಿಟ್ಟಿನ ಗಿರಣಿಯಲ್ಲಿ ಕೇಳಿದೆವು, ಹಳೆಯ ಗುಡಿಯ ಕಟ್ಟೆಯಲ್ಲಿ ಕೂತ ಹಿರಿಯರನ್ನು ಕೇಳಿದೆವು. ಒಬ್ಬ ಹುಲಿಗೆಮ್ಮ ಸಿಕ್ಕಳು, ಅವಳಿನ್ನೂ ಅಂಗನವಾಡಿಯಲ್ಲಿ ಓದುತ್ತಿದ್ದಳು. ಇನ್ನೊಬ್ಬಳು ಸಿಕ್ಕಳು, ಅದು ಎಮ್ಮೆ!

"ಬ್ಯಾರೆ ಯಾರೂ ಇಲ್ಲವ್ವ ಆ ಹೆಸರಿನಾಕಿ" ಎಂದು ಕಟ್ಟೆಯ ಹಿರಿಯರು ತೀರ್ಪು ಕೊಟ್ಟರು. ನನಗೂ ಸಾಕಾಗಿತ್ತು. ಚಿಗವ್ವ ಸ್ಕೂಟಿ ನಿಲ್ಲಿಸಿ, ಸೆರಗು ಸಿಕ್ಕಿಸಿ, ಡಬ್ಬಿಯನ್ನು ತಲೆಯ ಮೇಲೆತ್ತಿ ಹಿಡಿದು ಓಣಿ ಓಣಿ ಹೊರಟಳು. "ಹುಲಿಗೆಮ್ಮಾ! ಏ ಹುಲಿಗೆಮ್ಮಾ! ನಿನಗ ಪಾರ್ಸಲ್ ಬಂದದವ್ವಾ!" ಗಿರಣಿಯ ಸದ್ದನ್ನು ಮೀರಿ ಮಾತಾಡಿ ಪಳಗಿದ ಗಂಟಲು ಅದು. ಕೋಳಿಗಳು ಚದುರಿದವು, ಬಾಗಿಲುಗಳು ತೆರೆದವು. ನನಗೆ ನಾಚಿಕೆಯಾಗಿ ದುಪಟ್ಟಾವನ್ನು ಮುಖಕ್ಕೆ ಎಳೆದುಕೊಂಡೆ.

ಕೊನೆಯ ಓಣಿಯ ಒಂದು ಮನೆಯ ಹೊರಗೆ ಆ ಮನೆಯ ಸೊಸೆ ಕಾಳು ಹಸನು ಮಾಡುತ್ತಿದ್ದಳು. ಅವಳೂ ಇಲ್ಲವೆಂದು ತಲೆಯಾಡಿಸಿದಳು. ಅವಳ ಬೆನ್ನ ಹಿಂದೆ, ಬಾಗಿಲ ಚೌಕಟ್ಟು ಹಿಡಿದುಕೊಂಡು ಒಬ್ಬ ಮುದುಕಿ ಬಂದು ನಿಂತಳು. ಬರಿಗಾಲು, ಬಾತುಕೊಂಡ ಪಾದಗಳು.

"ನಾನಽ ಇರಬೇಕವ್ವಾ" ಎಂದಳು.

"ಇರಬೇಕು ಅಂದ್ರ? ಹೌದೋ ಅಲ್ಲೋ ಹೇಳಬೇ ಯವ್ವಾ!"

"ಆಗ್ಲಿಂದ ಕೇಳಾಕತ್ತೀನಿ. ಯಾರೋ ಬ್ಯಾರೆ ಹುಲಿಗೆಮ್ಮನ ಕರಿಯಾಕತ್ತಾರ ಅನಕೊಂಡೆ." ಮುದುಕಿ ಹೊಸ್ತಿಲು ದಾಟಿ ಬಂದಳು. "ಮದಿವಿಗಿಂತ ಮದ್ಲು ನಾ ಹುಲಿಗೆಮ್ಮ ಇದ್ದೆ."

ಕಾಳು ಹಸನು ಮಾಡುತ್ತಿದ್ದ ಸೊಸೆಯ ಕೈ ಮೊರದ ಮೇಲೆಯೇ ನಿಂತಿತು. "ಅತ್ತೀ, ನಿಮ್ಮ ಹೆಸರು ಹುಲಿಗೆಮ್ಮ ಏನು? ಮತ್ತ ಎಲ್ಲಾರೂ ಗೌರಮ್ಮ ಅಂತಾರಲ್ಲ!"

"ಅದು ನಿಮ್ಮ ಮಾವನ ಮನ್ಯಾಗ ಇಟ್ಟ ಹೆಸರು."

ಅಷ್ಟರಲ್ಲಿ ಡಬ್ಬಿಯ ನಂಬರಿನಿಂದಲೇ ಫೋನ್ ಬಂತು. ಮುದುಕಿಯ ಮೊಮ್ಮಗಳು, ಮಗಳ ಮಗಳು, ದೂರದ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಆಗಷ್ಟೇ ಕೆಲಸದಿಂದ ಬಿಡುವಾಗಿತ್ತು. "ಹೌದ್ರೀ ಅಕ್ಕಾ, ನಮ್ಮಜ್ಜಿಗಽ ಕಳಿಸಿದ್ದು. ಆಕಿ ತನ್ನ ಹೆಸರು ನನಗ ಒಬ್ಬಾಕಿಗೇ ಹೇಳ್ಯಾಳ" ಎಂದು ತನ್ನ ಮೊಬೈಲಿಗೆ ಬಂದಿದ್ದ ಪಾರ್ಸಲಿನ ನಂಬರು ಹೇಳಿದಳು. ಡಬ್ಬಿಯೊಳಗೆ ಬಾತ ಕಾಲಿಗೆ ಹಾಕುವ ಮೆತ್ತನೆಯ ಚಪ್ಪಲಿ ಇತ್ತು. ಚಿಗವ್ವ ಕೆಳಗೆ ಕೂತು ತಾನೇ ಮುದುಕಿಯ ಕಾಲಿಗೆ ಹಾಕಿದಳು. ಆಮೇಲೆ ಮ್ಯಾನೇಜರಿಗೆ ಫೋನ್ ಮಾಡಿ, "ಗಬ್ಬೂರು ಬಂದ್ ಆಗಂಗಿಲ್ಲ, ಮ್ಯಾಲಿನೋರಿಗಿ ಹೇಳ್ರಿ" ಎಂದು ಅಪ್ಪಣೆ ಕೊಟ್ಟಳು. ಬಂದ್ ಆಗಲೂ ಇಲ್ಲ. ಆ ದಾರಿಯಲ್ಲಿ ಈಗಲೂ ಇವಳ ಸ್ಕೂಟಿಯೇ ಓಡುತ್ತದೆ.

ನಾವು ಹೊರಡಲು ಎದ್ದೆವು. ಮುದುಕಿ ಹೊಸ ಚಪ್ಪಲಿಯಲ್ಲಿ ಎರಡು ಹೆಜ್ಜೆ ಹಿಂದೆಯೇ ಬಂದು, ಚಿಗವ್ವನ ಜಾಕೆಟ್ಟಿನ ತೋಳು ಹಿಡಿದಳು.

"ಯವ್ವಾ, ಇನ್ನೊಂದು ಸಲ ಕರದು ಹೋಗ್ತೀಯೇನು?"

ಜಿಲ್ಲೆಯಲ್ಲಿ ಯಾರಿಗೂ ಮಾತು ಬಾಕಿ ಉಳಿಸದ ನಮ್ಮ ಚಿಗವ್ವ ನನ್ನ ಕೈಗೆ ಚೀಲ ಕೊಟ್ಟಳು. ಓಣಿಯ ಆ ತುದಿಯವರೆಗೆ ನಡೆದುಹೋಗಿ, ಹಿಂದಿರುಗಿ ನಿಂತು, ಊರಿಗೆಲ್ಲ ಕೇಳುವ ಹಾಗೆ ಕೂಗಿದಳು:

"ಹುಲಿಗೆಮ್ಮಾ!"

ಮುದುಕಿ ಸೆರಗು ಸರಿಪಡಿಸಿಕೊಂಡಳು. ಹೊಲದಾಚೆಯಿಂದ ಗೆಳತಿಯರು ಕೂಗಿದಾಗ ಹುಡುಗಿಯರು ಓಗೊಡುತ್ತಾರಲ್ಲ, ಹಾಗೆ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು,

"ಓ..." ಎಂದಳು.