ನೆರೆಯೂ ಹೊರೆಯೂ

ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದಾಗಲೇ ಜೀಪೊಂದು ಬೀದಿಗೆ ಬಂತು. "ಅಣೆಕಟ್ಟಿನ ಗೇಟು ತೆಗೆದಿದ್ದಾರೆ! ಸಂಜೆಯೊಳಗೆ ಹೊಳೆ ಉಕ್ಕುತ್ತದೆ! ತಗ್ಗಿನ ಮನೆಯವರು ಎಚ್ಚರ!" ಎಂದು ಮೈಕಿನಲ್ಲಿ ಕೂಗಿ ಹೊರಟುಹೋಯಿತು. ಸೂಜಿ ನೆಟ್ಟಗೆ ಬೆರಳಿಗೇ ಚುಚ್ಚಿತು.

ಆ ಬೀದಿಯಲ್ಲಿ ಅವನ ಮನೆಗಿಂತ ತಗ್ಗಿನ ಮನೆ ಇನ್ನೊಂದಿರಲಿಲ್ಲ. ಬೀದಿಯ ಆ ತುದಿಯಲ್ಲಿ ಯಾರಾದರೂ ಬಿಂದಿಗೆ ಮಗುಚಿದರೂ ನೀರು ಇವನ ಮೆಟ್ಟಿಲಿಗೆ ಬಂದು ಕ್ಷೇಮಸಮಾಚಾರ ವಿಚಾರಿಸಿಕೊಂಡು ಹೋಗುತ್ತಿತ್ತು. ಮುಂಗೋಣೆಯೇ ಅಂಗಡಿ. ಅಲ್ಲಿ ಶಾಲೆಯ ಯೂನಿಫಾರಮ್ಮುಗಳು ಗೋಡೆಯೆತ್ತರ ಪೇರಿಸಿದ್ದವು. ನೆನೆದರೆ ನೀಲಿ ಲಂಗಗಳು ಬಣ್ಣ ಬಿಟ್ಟು ಬಿಳಿ ಷರಟುಗಳೆಲ್ಲ ಆಕಾಶವಾಗುವುದು ಖಂಡಿತ. ದರ್ಜಿಯ ಎದೆ ಹೊಲಿಗೆ ಮಿಷನ್ನಿನಂತೆ ಹೊಡೆದುಕೊಳ್ಳತೊಡಗಿತು.

"ರೀ, ಹೀಗೆ ಬಾಯಿ ಬಿಟ್ಕೊಂಡು ನಿಂತ್ರೆ ನೀರು ಹೆದರ್ಕೊಂಡು ವಾಪಸ್ ಹೋಗುತ್ತಾ?" ಎಂದಳು ಹೆಂಡತಿ.

ನೀರು ತಡೆಯಲು ದರ್ಜಿ ಮರಳಿಗಾಗಿ ಊರೆಲ್ಲ ಸುತ್ತಿದ. ಹಿಡಿ ಮರಳೂ ಸಿಗಲಿಲ್ಲ. ಕೊನೆಗೆ ಅಂಗಡಿಯ ಚಿಂದಿಯನ್ನೇ ಚೀಲಕ್ಕೆ ತುಂಬಿ ಬಾಗಿಲಿಗೆ ಅಡ್ಡ ಇಟ್ಟ. ಎದುರುಮನೆಯ ಮಹಡಿಯಿಂದ ನಿವೃತ್ತ ಓವರ್‌ಸಿಯರ್ ಇಣುಕಿದರು. ಮೋಡ ಕಂಡಾಗಲೆಲ್ಲ ಭವಿಷ್ಯ ನುಡಿಯುವ ಅವರಿಗೆ ಬೀದಿಯವರು 'ಹವಾಮಾನ' ಎಂದೇ ಹೆಸರಿಟ್ಟಿದ್ದರು.

"ಏನಯ್ಯಾ ಅದು? ಚಿಂದಿ ನೀರನ್ನ ತಡೆಯಲ್ಲ, ಕುಡಿಯುತ್ತೆ! ಮೊದ್ಲು ಫ್ರಿಜ್ಜನ್ನ ಮಂಚದ ಮೇಲೆ ಹತ್ಸು!"

ದರ್ಜಿ ಹತ್ತಿಸಿದ. ಮಂಚದ ಕಾಲು ಲಟಕ್ಕೆಂದಿತು. ಮೂಲೆಗೆ ಒರಗಿ ಕೂತಿದ್ದ ಅತ್ತೆ, "ಅಳಿಯಂದ್ರೇ, ಫ್ರಿಜ್ಜಿಗೆ ಜಾಗ ಆಯ್ತು. ನನ್ನನ್ನ ಎಲ್ಲಿಡ್ತೀರಿ?" ಎಂದರು.

ಆ ಪ್ರಶ್ನೆಗೆ ಉತ್ತರ ಹೊಳೆದದ್ದು ಹೆಂಡತಿಗೆ. ಅವಳ ತಮ್ಮನ ಮನೆ ಗುಡ್ಡದ ಮೇಲಿತ್ತು.

"ಒಂದು ಫೋನ್ ಮಾಡ್ಬಿಡೋಣ," ಎಂದ ದರ್ಜಿ.

"ನನ್ನ ತಮ್ಮನ ಮನೆಗೆ ಹೋಗಕ್ಕೆ ಅಪ್ಪಣೆ ಬೇರೆ ಕೇಳ್ಬೇಕಾ?"

ಟೆಂಪೋ ಬಂತು. ಯೂನಿಫಾರಂ ಗಂಟುಗಳು, ಮಿಷನ್ನು, ಪಾತ್ರೆ, ಹಾಸಿಗೆ, ಎಲ್ಲದರ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಅತ್ತೆ. ಬೀಗದ ಕೈಯನ್ನು ಹವಾಮಾನದವರ ಕೈಗಿತ್ತು ಹೊರಟರು.

ಟೆಂಪೋ ಹಳೇ ಸೇತುವೆ ದಾಟತೊಡಗಿತು. ಕೆಂಪು ನೀರು ಕಂಬಗಳನ್ನು ಗುದ್ದುತ್ತ ಹರಿಯುತ್ತಿತ್ತು. ಯಾರದೋ ಮನೆಯ ಬಾಗಿಲೊಂದು ಚೌಕಟ್ಟಿನ ಸಮೇತ ತೇಲಿ ಹೋಯಿತು. ಪಕ್ಕದಲ್ಲಿ ಕೂತಿದ್ದ ಪುಟ್ಟ ಮಗಳು ಅಪ್ಪನ ತೋಳನ್ನು ಉಗುರು ನೆಡುವಂತೆ ಹಿಡಿದುಕೊಂಡಳು. ದರ್ಜಿ "ಏನಿಲ್ಲ ಪುಟ್ಟಿ, ಏನಿಲ್ಲ" ಎಂದ.

ಗುಡ್ಡದ ಬುಡದಲ್ಲಿ ಪೊಲೀಸಿನವನು ಅಡ್ಡಗಟ್ಟಿದ.

"ಎಲ್ಲಿಗ್ರೀ?"

"ಮೇಲಕ್ಕೆ. ಬಾಮೈದನ ಮನೆಗೆ."

"ಮೇಲೆ ಹೋದ್ರೆ ಇನ್ನೂ ಮೇಲಕ್ಕೇ ಹೋಗ್ತೀರಿ! ಗುಡ್ಡ ಬಿರುಕು ಬಿಟ್ಟಿದೆ. ಬೆಳಿಗ್ಗೇನೇ ಎಲ್ಲರನ್ನೂ ಖಾಲಿ ಮಾಡ್ಸಿದೀವಿ."

ಹೆಂಡತಿ ತಮ್ಮನಿಗೆ ಫೋನ್ ಮಾಡಿ, ಅದನ್ನು ಗಂಡನ ಕಿವಿಗೆ ಹಿಡಿದಳು.

"ಭಾವ, ಎಲ್ಲಿದೀರಾ?" ಬಾಮೈದನ ದನಿ ಹರ್ಷದಿಂದ ಕುಣಿಯುತ್ತಿತ್ತು. "ಹೊಸ ಸೇತುವೆ ಮೇಲಿಂದ ಸೀದಾ ನಿಮ್ಮ ಮನೆಗೇ ಬಂದ್ವಿ. ಎದುರುಮನೆ ಯಜಮಾನ್ರು ಬೀಗದ ಕೈ ಕೊಟ್ರು. ಬಾಗ್ಲಲ್ಲಿ ಯಾರೋ ಕಸದ ಚೀಲ ಒಟ್ಟಿದ್ರು, ಸೋಫಾ ಒಳಗೆ ಹೋಗ್ತಿರ್ಲಿಲ್ಲ. ತೆಗ್ದು ಬಿಸಾಕ್ದೆ."

ಟೆಂಪೋ ಹಿಂದಿರುಗಿದಾಗ ಮನೆಯೊಳಗೆ ಸೋಫಾ, ಬೀರು, ಟೀವಿ, ಬಾಮೈದ, ಅವನ ಹೆಂಡತಿ, ಮಕ್ಕಳು, ನಾಯಿ. ಕಾಲಿಡಲು ಜಾಗವಿಲ್ಲ. ಟೆಂಪೋದವನು "ನಂಗೂ ಮನೆ ಇದೆ ಸಾರ್" ಎಂದು ಗಂಟುಗಳನ್ನೆಲ್ಲ ಬೀದಿಯಲ್ಲೇ ಇಳಿಸಿ ಹೋದ.

"ನೀರು ಬಂತೂ!" ಎಂದು ಹವಾಮಾನದವರು ಚೀರಿದರು. ಜೀವಮಾನದಲ್ಲಿ ಮೊದಲ ಸಲ ಅವರ ಮಾತು ನಿಜವಾಗಿತ್ತು. ಮೂಲೆಯಿಂದ ಕಂದು ನೀರು ಹಾವಿನಂತೆ ಸದ್ದಿಲ್ಲದೆ ಹರಿದು ಬರುತ್ತಿತ್ತು. ಕೈಯಿಂದ ಕೈಗೆ ಗಂಟುಗಳು ಎದುರುಮನೆಯ ಮೆಟ್ಟಿಲು ಹತ್ತಿದವು. ಬಾಮೈದ ಮಿಷನ್ನನ್ನು ಹೆಗಲ ಮೇಲೆ ಹೊತ್ತ. ದರ್ಜಿ ಅತ್ತೆಯನ್ನು ಬೆನ್ನ ಮೇಲೆ ಹೊತ್ತ.

"ನಿಧಾನ, ನಾನು ಯೂನಿಫಾರಂ ಗಂಟಲ್ಲ," ಎಂದರು ಅತ್ತೆ.

ಎಲ್ಲರೂ ಮಹಡಿಯ ಕಟಕಟೆ ಹಿಡಿದು ನಿಂತರು. ನೀರು ದರ್ಜಿಯ ಮನೆಯ ಒಂದು ಮೆಟ್ಟಿಲು ನುಂಗಿತು. ಎರಡನೆಯದನ್ನೂ ನುಂಗಿತು. ಹೊಸಿಲನ್ನು ನೆಕ್ಕುತ್ತ ಅಲ್ಲೇ ನಿಂತಿತು. ಬಹಳ ಹೊತ್ತಿನ ಮೇಲೆ ಎರಡನೆಯ ಮೆಟ್ಟಿಲು ಮತ್ತೆ ಕಂಡಿತು, ಆಮೇಲೆ ಮೊದಲನೆಯದೂ. ಹೆಂಡತಿ ಬಿಕ್ಕಿ ಬಿಕ್ಕಿ ಅತ್ತಳು. ದರ್ಜಿ ಕಣ್ಣೊರೆಸಿಕೊಳ್ಳುತ್ತ ಬಾಮೈದನನ್ನು ತಬ್ಬಿಕೊಂಡ.

ಅಷ್ಟರಲ್ಲಿ ಬಾಮೈದನ ಫೋನು ಹೊಡೆದುಕೊಂಡಿತು. ಅವನು ಹೂಂ ಹೂಂ ಎಂದು ಕೇಳಿ, ಮುಖ ಅರಳಿಸಿಕೊಂಡು ತಿರುಗಿದ.

"ಭಾವ, ಎಂಜಿನಿಯರ್ ಹೇಳಿದ್ರಂತೆ. ಗುಡ್ಡ ಸದ್ಯಕ್ಕೆ ಬೀಳಲ್ವಂತೆ!"

"ಅಬ್ಬಾ! ಹಾಗಾದ್ರೆ ನೀವು ನಾಳೇನೇ ನಿಮ್ಮನೆಗೆ ಹೋಗ್ಬಹುದು!"

"ಇಲ್ಲ ಭಾವ," ಎಂದ ಬಾಮೈದ. "ಅದು ಬೀಳೋವರೆಗೂ ಯಾರೂ ಅಲ್ಲಿಗೆ ಹೋಗ್ಬಾರ್ದಂತೆ."