ಒಯ್ಯೋದು ಯಾರನ್ನ, ಬಿಡೋದು ಯಾರನ್ನ

ಸಿಟ್ಟು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಉಪದೇಶ ಮಾಡುವವರಿಗೆ, ಅರ್ಧ ತಲೆ ನರೆತ ಮೇಲೆ ಹೆಂಡತಿಯ ಕಣ್ಣೆದುರು ಜೋಳದ ರೊಟ್ಟಿ ಬಡಿಯುವ ಪಾಳಿ ಬಂದಿರಲಿಕ್ಕಿಲ್ಲ. ನನಗೆ ಬಂದಿದೆ, ಅದೂ ಬೈಬಲಿನ ಹೆಸರಿನಲ್ಲಿ. ಮಸ್ಕಿಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡು, ಭಾನುವಾರ ತಪ್ಪದೆ ಚರ್ಚಿಗೆ ಹೋಗಿ, ಪ್ರಸಂಗದ ನಡುವೆ ಮಾತ್ರ ತುಸು ತೂಕಡಿಸುವ ನನ್ನಂಥ ಸಾಧು ಮನುಷ್ಯನಿಗೆ ಬರಬಾರದ ಕಷ್ಟ ಇದು.

ಇದಕ್ಕೆಲ್ಲ ಕಾರಣ, ವಾರಕ್ಕೊಮ್ಮೆ ಸಿಂಧನೂರಿನಿಂದ ಬಸ್ಸಿಗೆ ಬರುವ ಒಂದು ಪ್ರಾರ್ಥನಾ ಗುಂಪು. ಅದರ ಮುಖಂಡನನ್ನು ಎಲ್ಲರೂ 'ಬ್ರದರ್' ಎನ್ನುತ್ತಾರೆ. ಲೋಕದ ಕಡೆಯ ದಿನ ಇಬ್ಬರಿರುವಲ್ಲಿ ಒಬ್ಬರನ್ನು ಒಯ್ಯಲಾಗುವುದು, ಒಬ್ಬರನ್ನು ಬಿಡಲಾಗುವುದು ಎಂಬ ಪ್ರವಾದನೆ ಬೈಬಲಿನಲ್ಲಿ ಇದೆಯಲ್ಲ, ಅದಕ್ಕೆ ಬ್ರದರ್ ಅರ್ಥ ಹೇಳಿದ: ಒಯ್ಯಲ್ಪಟ್ಟವರು ನೇರ ಸ್ವರ್ಗಕ್ಕೆ, ಅಂದರೆ ಅವನ ಗುಂಪಿನವರು, ಬಿಡಲ್ಪಟ್ಟವರು ನಾಶಕ್ಕೆ, ಅಂದರೆ ಗುಂಪಿಗೆ ಸೇರದ ನಾನು. ಆ ಗುಂಪಿಗೆ ಸೇರಿದ್ದ ನನ್ನ ಹೆಂಡತಿ ಎಸ್ತೇರಮ್ಮ ಅದನ್ನು ನಂಬಿ, ಕಣ್ಣೊರೆಸಿಕೊಳ್ಳುತ್ತ ಮನೆಗೆ ಬಂದಳು.

"ಇವತ್ತೋ ನಾಳಿಯೋ ನನ್ನ ಒಯ್ತಾರ. ಆಮ್ಯಾಲೆ ನಿಮಗ ರೊಟ್ಟಿ ಬಡಿಯಾಕ ಯಾರದಾರ? ಕಲೀರಿ," ಎಂದು ಹಿಟ್ಟಿನ ಪರಾತವನ್ನು ನನ್ನ ಮುಂದೆ ತಳ್ಳಿದಳು.

ಮೊದಲ ರೊಟ್ಟಿ ಹಂಚು ಮುಟ್ಟುವ ಮುನ್ನವೇ ಹರಿಯಿತು. ಎರಡನೆಯದು ಲಿಂಗಸುಗೂರು ತಾಲೂಕಿನ ನಕಾಶೆಯಂತಾಯಿತು. ನನಗೆ ಉರಿದದ್ದು ಅದಕ್ಕಲ್ಲ. ಇಷ್ಟು ವರ್ಷ ಜೊತೆಗೆ ಉಂಡವಳು, ನನ್ನನ್ನು ಬಿಟ್ಟು ಹೋಗುವುದು ಖಾತ್ರಿ ಎಂದು ಒಪ್ಪಿಕೊಂಡುಬಿಟ್ಟಿದ್ದಳಲ್ಲ, ಅದಕ್ಕೆ. ಗಂಡ ಹೆಂಡಿರನ್ನು ಹೀಗೆ ಪಾಲು ಮಾಡಲು ಆ ಮನುಷ್ಯನಿಗೆ ಅಧಿಕಾರ ಕೊಟ್ಟವರು ಯಾರು?

ಕೈ ತೊಳೆದು, ಕನ್ನಡಕ ಹಾಕಿಕೊಂಡು ಆ ಅಧ್ಯಾಯವನ್ನು ಪೂರ್ತಿ ಓದಿದೆ. ಬ್ರದರ್ ಹಾರಿಸಿದ್ದ ಸಾಲುಗಳು ಅಲ್ಲೇ ಮೇಲಿದ್ದವು. ನೋಹನ ಕಾಲದಲ್ಲಿ ಆದಂತೆಯೇ ಆಗಲೂ ಆಗುವುದಂತೆ. ಆಗ ಪ್ರಳಯದ ನೀರು ಒಯ್ದದ್ದು ಕೆಟ್ಟವರನ್ನು, ಉಳಿದವನು ನೋಹ!

"ಲೇ ಎಸ್ತೇರಿ, ಇಲ್ಲಿ ನೋಡು. ನಮ್ಮ ಕಡಿ ಯಾರನ್ನರ ಕಾಲುವಿ ಒಯ್ತು ಅಂದ್ರ ಸ್ವರ್ಗಕ್ಕ ಒಯ್ತು ಅಂತಾರೇನು? ನೀರು ಒಯ್ದೋರು ಕೆಟ್ಟರು, ಬಿಟ್ಟೋರು ಉಳದ್ರು. ನಿಮ್ಮ ಬ್ರದರ್ ತಲಿಕೆಳಗ ಓದ್ಯಾನ!"

ಅವಳು ಬೆರಳಿಟ್ಟು ಸಾವಕಾಶ ಓದಿದಳು. "ಹಂಗಂದ್ರ ನಾ ಎಲ್ಲೀಗೂ ಹೋಗಂಗಿಲ್ಲ?"

"ಹೋಗಂಗಿಲ್ಲ!" ಎಂದು ಎದೆಯುಬ್ಬಿಸಿದೆ.

ಅವಳ ಕಣ್ಣು ಮತ್ತೆ ತುಂಬಿತು. "ಪ್ರಸಂಗದಾಗ ತೂಕಡಿಸೋರು ನೀವು. ಅಂದಮ್ಯಾಲೆ ಒಯ್ಯೋದು ನಿಮ್ಮನ್ನ." ಸೆರಗಿನಿಂದ ಕಣ್ಣೊರೆಸಿಕೊಂಡು ಪರಾತವನ್ನು ಮತ್ತೆ ತಳ್ಳಿದಳು. "ಹೋಗೂಕಿಂತ ಮೊದಲ ನನಗೊಂದಿಷ್ಟು ಖಡಕ್ ರೊಟ್ಟಿ ಬಡದಿಟ್ಟು ಹೋಗ್ರಿ. ಬಾಳ ದಿನ ಬರ್ತಾವ."

ಬ್ರದರ್‌ನ ಅರ್ಥದಲ್ಲಿ ನನ್ನೊಬ್ಬನ ಊಟಕ್ಕಾಗುವಷ್ಟು ಬಡಿದರೆ ಸಾಕಿತ್ತು. ನನ್ನ ಅರ್ಥದಲ್ಲಿ ಡಬ್ಬಿಗಟ್ಟಲೆ ಬಡಿಯುತ್ತಿದ್ದೇನೆ. ಈಗ ಪ್ರಸಂಗದ ನಡುವೆ ನಿದ್ದೆ ಬರುವುದಿಲ್ಲ. ಭಕ್ತಿ ಹೆಚ್ಚಿತೆಂದಲ್ಲ, ರಟ್ಟೆ ನೋಯುತ್ತದೆ.