ಕೆಂಪು ಬೊಟ್ಟಿನ ಹಂಬಕರ್

ಒಂದು ತಿಂಗಳಿಂದ ಮನೆಯಲ್ಲಿ ಗುಂಯ್ ಎನ್ನುವ ಸದ್ದೊಂದು ಬೀಡುಬಿಟ್ಟಿತ್ತು. ಸೊಳ್ಳೆಯಾಗಿದ್ದರೆ ಹೊಡೆದು ಹಾಕಬಹುದಿತ್ತು. ಇದು ಯಜಮಾನರ ಹೆಂಡತಿಯ ಎಲೆಕ್ಟ್ರಿಕ್ ಗಿಟಾರಿನದು. ಆಕೆ ಹೈಸ್ಕೂಲಿನ ಲೆಕ್ಕದ ಮೇಡಂ. ಊಟ ಮುಗಿಸಿ ಗಿಟಾರ್ ಹಿಡಿದು ಕೂತರೆ ಬಾರಿಸುವ ಮೊದಲೂ ಗುಂಯ್, ಬಾರಿಸಿದ ಮೇಲೂ ಗುಂಯ್. ಕನ್ನಡಕದ ಅಂಗಡಿ ಇಟ್ಟಿದ್ದ ಯಜಮಾನರಿಗೆ ರಜಾದಿನದ ಮಧ್ಯಾಹ್ನದ ನಿದ್ದೆ ಎಂಬುದು ಜನ್ಮಸಿದ್ಧ ಹಕ್ಕು. ಅದಕ್ಕೇ ಸಂಚಕಾರ ಬಂದಿತ್ತು. ಆದರೆ ಬಾಯಿಬಿಟ್ಟು ಹೇಳುವಷ್ಟು ಗುಂಡಿಗೆ ಅವರಿಗಿರಲಿಲ್ಲ. (ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿ ನೋಡಿದ್ದರು. ಆ ವಿಷಯ ಈಗ ಬೇಡ.)

ಹೇಳುವುದಕ್ಕಿಂತ ಮಾಡಿ ತೋರಿಸುವುದೇ ಮೇಲು ಎಂದು ಅವರಿಗೆ ಹೊಳೆದದ್ದು, ಹೊಳೆಯಬಾರದ ದಿನವೇ. ಅಂದು ಸಂಜೆ ಶಾಲೆಯ ವಾರ್ಷಿಕೋತ್ಸವ. ಮೇಡಂ ವೇದಿಕೆಯ ಮೇಲೆ ಮೊದಲ ಸಲ ಗಿಟಾರ್ ನುಡಿಸುವವರಿದ್ದರು. ಮಧ್ಯಾಹ್ನ ಬಂದು ಗಿಟಾರ್ ಒಯ್ಯುತ್ತೇನೆ, ಯಾರೂ ಮುಟ್ಟಬೇಡಿ ಎಂದು ಹೇಳಿ ಬೆಳಿಗ್ಗೆಯೇ ಶಾಲೆಗೆ ಹೋಗಿದ್ದರು. ಮನೆಯಲ್ಲಿ ಇದ್ದದ್ದೇ ಇಬ್ಬರು. ಆದ್ದರಿಂದ ‘ಯಾರೂ’ ಅಂದರೆ ಯಾರು ಎಂಬ ಬಗ್ಗೆ ಸಂಶಯಕ್ಕೆ ಎಡೆಯಿರಲಿಲ್ಲ.

ಆದರೂ ಯಜಮಾನರು ಕನ್ನಡಕ ಬಿಗಿಮಾಡುವ ಪುಟ್ಟ ಸ್ಕ್ರೂಡ್ರೈವರಿನಿಂದಲೇ ಗಿಟಾರಿನ ಪಿಕಪ್ ಬಿಚ್ಚಿದರು. ಪಿಕಪ್ ಅಂದರೆ ತಂತಿಗಳ ಕೆಳಗೆ ಕೂತು, ಅವುಗಳ ನಡುಕವನ್ನು ಕರೆಂಟಾಗಿ ಮಾಡಿ ಸ್ಪೀಕರಿಗೆ ಚಾಡಿ ಹೇಳುವ ಚಿಕ್ಕ ಡಬ್ಬಿ. ಅದನ್ನು ಜೇಬಿಗಿಳಿಸಿ ಹಳೆಯ ವಾದ್ಯಗಳ ಅಂಗಡಿಗೆ ಓಡಿದರು. ಅಂಗಡಿಯವನು ಪಿಕಪ್ಪನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿ ಮೀಸೆಯಲ್ಲೇ ನಕ್ಕ. ಇದರಲ್ಲಿರುವುದು ತಂತಿಯ ಒಂದೇ ಸುರುಳಿ, ಅದಕ್ಕೇ ಗುಂಯ್ ಅನ್ನುತ್ತೆ ಎಂದು, ಅದೇ ಅಳತೆಯ, ಹಂಬಕರ್ ಎಂಬ ಇನ್ನೊಂದು ಜಾತಿಯ ಬಳಸಿದ ಪಿಕಪ್ಪನ್ನು ಮುಂದಿಟ್ಟ. ಹಳೆಯದನ್ನು ಕೊಟ್ಟು, ಮೇಲೆ ಸ್ವಲ್ಪ ದುಡ್ಡಿಟ್ಟು ಇದನ್ನು ಒಯ್ಯಬಹುದಂತೆ.

"ಇದರಲ್ಲಿ ಎರಡು ಸುರುಳಿ ಸಾರ್, ಗಂಡ ಹೆಂಡ್ತಿ ಇದ್ದ ಹಾಗೆ. ಸರಿಯಾಗಿ ಜೋಡಿಸಿದ್ರೆ ಗದ್ದಲ ಕಳೆಯುತ್ತೆ, ಸಂಗೀತ ಕೂಡುತ್ತೆ."

"ತಪ್ಪಾಗಿ ಜೋಡಿಸಿದ್ರೆ?"

"ನಿಮಗೆ ಮದುವೆ ಆಗಿದೆಯಲ್ಲ ಸಾರ್," ಅಂದ ಅಂಗಡಿಯವನು.

ಮನೆಗೆ ಬಂದು ಊಟದ ಮೇಜನ್ನೇ ಪ್ರಯೋಗಾಲಯ ಮಾಡಿಕೊಂಡರು. ಹಂಬಕರಿನ ಮೈಮೇಲೆ ಕಂಪನಿಯ ಹೆಸರು ಅಳಿಸಿಹೋಗಿತ್ತು. ಬಾಲದಂತೆ ನಾಲ್ಕು ಬಣ್ಣದ ತಂತಿಗಳು. ಒಂದೊಂದು ಕಂಪನಿಯದು ಒಂದೊಂದು ಬಣ್ಣದ ಶಾಸ್ತ್ರ. ಕರೆಂಟು ನೋಡುವ ಮೀಟರ್ ಹಿಡಿದು ನೋಡಿದಾಗ ಎರಡೂ ಸುರುಳಿಗಳಿಗೆ ಜೀವವಿದೆ ಎಂದು ಗೊತ್ತಾಯಿತು. ಆದರೆ ಯಾವ ತಂತಿ ತಲೆ, ಯಾವುದು ಬಾಲ ಎನ್ನುವುದು ಮೀಟರಿಗೂ ತಿಳಿಯಲಿಲ್ಲ. ಆಗ ಭೂತಗನ್ನಡಿ ಹೊರಬಂತು. ಒಂದು ಸುರುಳಿಯ ತಳದಲ್ಲಿ, ತಂತಿ ಹೊರಡುವ ಕಡೆ, ಹೊಳೆಯುವ ಪುಟ್ಟದೊಂದು ಕೆಂಪು ಬೊಟ್ಟು ಕಂಡಿತು.

ಯಜಮಾನರಿಗೆ ರೋಮಾಂಚನವಾಯಿತು. ಕನ್ನಡಕದ ಗಾಜಿನ ನಡುವನ್ನು ಬೊಟ್ಟಿಟ್ಟು ಗುರುತಿಸುವುದು ಅವರ ಕಸುಬಿನ ಪದ್ಧತಿ. ಆಮೇಲಿನ ಅಳತೆಯೆಲ್ಲ ಆ ಬೊಟ್ಟಿನಿಂದಲೇ. ಇದು ಯಾರೋ ಮಹಾನ್ ಕುಶಲಕರ್ಮಿ ಕೈಯಾರೆ ಇಟ್ಟ ಗುರುತು, ಸುರುಳಿಯ ಆರಂಭ ಇಲ್ಲಿಂದಲೇ ಎಂದು ತೀರ್ಮಾನಿಸಿ, ಬೊಟ್ಟಿನ ಆಜ್ಞೆಯಂತೆ ಬೆಸುಗೆ ಹಾಕಿಬಿಟ್ಟರು.

ಸ್ವಿಚ್ ಒತ್ತಿದರು. ಗುಂಯ್ ಹೋಗಿರಲಿಲ್ಲ, ಮೈ ತುಂಬಿಕೊಂಡು ದುಪ್ಪಟ್ಟಾಗಿತ್ತು. ತಂತಿ ಮೀಟಿದರೆ ನೆಗಡಿಯಾದವರು ಮೂಗಿನಲ್ಲಿ ಕ್ಷಮೆ ಕೇಳಿದಂಥ ಸ್ವರ. ಹಳೆಯದನ್ನಾದರೂ ಹಾಕೋಣವೆಂದರೆ ಅದನ್ನು ಕೊಟ್ಟು ಬಂದಾಗಿದೆ. ಫೋನ್ ಮಾಡಿದರೆ ಅಂಗಡಿಯವನು ಬಾಗಿಲು ಹಾಕಿ ಊರಿಗೆ ಹೊರಟಿದ್ದ. ಹೆಂಡತಿ ತಿಂಗಳುಗಟ್ಟಲೆ ಬೆರಳು ಸವೆಸಿ ಕಲಿತ ಹಾಡನ್ನು ತಾನು ಒಂದೇ ಬೆಳಿಗ್ಗೆಯಲ್ಲಿ ಹಾಳುಮಾಡಿದೆನಲ್ಲ ಎಂದು ನಿಜವಾಗಿಯೂ ಸಂಕಟವಾಯಿತು. ಅಷ್ಟರಲ್ಲಿ ಗೇಟು ಕಿರ್ರೆಂದಿತು. ಅವರು ಗಿಟಾರಿನ ಮೇಲೆ ಹೊದಿಕೆ ಎಳೆದು, ಪಕ್ಕದಲ್ಲಿ ತಾವೂ ಕಾಯಿಲೆಯವರಂತೆ ಒರಗಿಕೊಂಡರು.

"ರೀ, ಹೊದಿಕೆಯಿಂದ ಹೊಗೆ ವಾಸನೆ ಬರ್ತಿದೆ," ಅಂದರು ಮೇಡಂ.

ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಯಜಮಾನರು ಎಲ್ಲವನ್ನೂ ಒದರಿಬಿಟ್ಟರು. ಕೊನೆಯಲ್ಲಿ ಸಮಾಧಾನಕ್ಕಿರಲಿ ಎಂದು, ಸಾಮಾನ್ಯ ಮಾಲಲ್ಲ ಕಣೇ, ದೊಡ್ಡ ಕುಶಲಕರ್ಮಿಯ ಕೈಗುರುತಿದೆ ಎಂದು ಬೊಟ್ಟನ್ನೂ ತೋರಿಸಿದರು. ಮೇಡಂ ಭೂತಗನ್ನಡಿಯಿಲ್ಲದೆ ನೋಡಿದರು. ಆಮೇಲೆ ತಮ್ಮ ಬಲಗೈ ಬೆರಳುಗಳನ್ನು ಅದರ ಪಕ್ಕಕ್ಕೆ ಹಿಡಿದರು. ಐದು ಉಗುರು, ಒಂದು ಬೊಟ್ಟು, ಎಲ್ಲ ಒಂದೇ ಕೆಂಪು.

"ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡ್ತೀರಿ. ನಿಮ್ಮ ತಟ್ಟೆಗೆ ದಿನಾ ಬಡಿಸೋ ಕೈ ಕಾಣಲಿಲ್ವಾ?"

ವಿಷಯ ಇಷ್ಟೇ. ಆ ಹಂಬಕರ್ ಈ ಗಿಟಾರಿನದೇ. ಅದರ ಸ್ವರ ಬಾಯಲ್ಲಿ ಹತ್ತಿ ತುರುಕಿದ ಹಾಗಿದೆಯೆಂದು ಮೇಡಂ ಹೋದ ತಿಂಗಳು ಅದೇ ಅಂಗಡಿಯವನಿಗೆ ಕೊಟ್ಟು, ಮೇಲೆ ದುಡ್ಡೂ ಕೊಟ್ಟು, ಒಂದು ಸುರುಳಿಯದನ್ನು ತಂದಿದ್ದರು. ಸ್ವರ ಶುಭ್ರವಾಗಬೇಕಾದರೆ ಸ್ವಲ್ಪ ಗುಂಯ್ ಸಹಿಸಬೇಕು ಎಂದು ಗೊತ್ತಿದ್ದೇ ತಂದದ್ದು. ಆ ಕಡೆಯ ಸುರುಳಿಯ ತಂತಿಗಳು ಉಲ್ಟಾ ಇವೆ, ಯಾರೂ ಮೋಸಹೋಗದಿರಲಿ ಎಂದು ಬಿಚ್ಚುವಾಗ ತಾವೇ ಉಗುರುಬಣ್ಣದ ಬೊಟ್ಟನ್ನೂ ಇಟ್ಟಿದ್ದರು. ಈಗ ಅಂಗಡಿಯವನ ಆ ಮೀಸೆನಗುವಿನ ಅರ್ಥ ಯಜಮಾನರಿಗೆ ಪೂರ್ತಿಯಾಗಿ ಆಯಿತು.

"ಈಗೇನು ಮಾಡೋದೇ?" ಎಂದರು ಯಜಮಾನರು.

ಮೇಡಂ ಬೆಸುಗೆ ಕಡ್ಡಿ ಕೈಗೆತ್ತಿಕೊಂಡರು. ಒಂದು ತಂತಿ ಬಿಡಿಸಿ, ಇನ್ನೊಂದನ್ನು ಬೇರೆ ಕಡೆ ಅಂಟಿಸಿ, ಒಂದು ಸುರುಳಿಯನ್ನು ಲೆಕ್ಕದಿಂದಲೇ ತೆಗೆದುಹಾಕಿದರು. ಮೀಟಿದಾಗ ಸ್ವರ ತೊಳೆದಿಟ್ಟ ಲೋಟದಂತೆ ಹೊರಬಂತು. ಹಿಂದೆಯೇ ಹಳೆಯ ಗುಂಯ್ ಕೂಡ ಬಂತು.

"ಹೀಗೆ ಮಾಡಬಹುದು ಅಂತ ಆಗ ಹೊಳೆದೇ ಇರಲಿಲ್ಲ ನೋಡಿ. ನಿಮ್ಮ ಮುಖ ನೋಡಿದ ಮೇಲೆ ಹೊಳೀತು. ಎರಡರಲ್ಲಿ ಒಂದು ಬಾಯಿ ಮುಚ್ಚಿಕೊಂಡಿದ್ರೆ ಸಾಕು."

ಸಂಜೆ ಸಭಾಂಗಣದಲ್ಲಿ ಯಜಮಾನರಿಗೆ ಮುಂದಿನ ಸಾಲಿನಲ್ಲಿ, ಮುಖ್ಯೋಪಾಧ್ಯಾಯರ ಪಕ್ಕದಲ್ಲೇ ಜಾಗ ಸಿಕ್ಕಿತು. ಬೆಸುಗೆ ಎಲ್ಲಿ ಬಿಟ್ಟುಕೊಳ್ಳುವುದೋ ಎಂದು ಅವರು ಪರದೆಯನ್ನೇ ನೋಡುತ್ತ ಕೂತರು. ಪರದೆ ಸರಿಯಿತು. ಹಾಡಿಗೆ ಮೊದಲು ಗುಂಯ್ ಎಂದಿತು.

"ಇದೇನು ಸದ್ದು? ಕರೆಂಟಿನ ತೊಂದರೆಯೇ?" ಎಂದು ಮುಖ್ಯೋಪಾಧ್ಯಾಯರು ಇವರ ಕಡೆ ಬಾಗಿದರು.

ಸುರುಳಿಗಳ ಬಗ್ಗೆ ಈ ಸಭೆಯಲ್ಲಿ ತನ್ನಷ್ಟು ತಿಳಿದವರು ಯಾರಿದ್ದಾರೆ ಎಂದುಕೊಂಡು ಯಜಮಾನರು ಬಾಯಿ ತೆರೆದರು. ವೇದಿಕೆಯ ಮೇಲಿಂದ ಮೇಡಂ ಇತ್ತ ನೋಡಿದರು, ಕೆಂಪು ಉಗುರಿನ ಬೆರಳೊಂದು ತಂತಿಯಿಂದ ಮೇಲೆದ್ದಿತು. ಯಜಮಾನರು ಬಾಯಿ ಮುಚ್ಚಿದರು.

ಆಮೇಲೆ ಸಂಗೀತ ಬಹಳ ಚೆನ್ನಾಗಿ ಬಂತು.